ಬ್ರೈಡಲ್ ಶವರ್ ಮತ್ತು ಮದುವೆಯ ಗೌನು: ಬೀದರ್, ಕಲಬುರಗಿ ಭಾಗದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕನ ಮಗಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಗೌನು ತೊಟ್ಟು, ಆಗಷ್ಟೇ ಕೊಂಡು ತಂದಿದ್ದ ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿ ನಿಂತಾಗ ಗೌನಿನ ಅಂಚು ನೆಲದಿಂದ ಎರಡೂವರೆ ಇಂಚು ಮೇಲೆ ನಿಂತಿತು. ಟೇಲರ್ ಅಳತೆ ಹಿಡಿದ ದಿನ ಅವಳ ಕಾಲಲ್ಲಿ ಮನೆಯೊಳಗೆ ಮೆಟ್ಟುವ ಚಪ್ಪಲಿ ಇದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ. ಕತ್ತರಿಸಿದ ನೆಟ್ಟಿನ ತುಂಡುಗಳನ್ನು ಅಂಗಡಿಯಲ್ಲೇ ಗುಡಿಸಿ ಹಾಕಿದ್ದರು. ಕೊನೆಗೆ ಮುಸುಕಿನ ಅಂಚಿನ ಲೇಸನ್ನು ಬಿಚ್ಚಿ ಗೌನಿಗೆ ಜೋಡಿಸಿದೆವು. ಅದಕ್ಕೆ ಎರಡು ರಾತ್ರಿ ಹಿಡಿಯಿತು, ಮತ್ತು ಅದೇ ವಾರ ಇಟ್ಟುಕೊಂಡಿದ್ದ ಬ್ರೈಡಲ್ ಶವರಿನಲ್ಲಿ, ಅಂದರೆ ಮದುವೆಗೆ ಮುನ್ನ ಹೆಣ್ಣುಮಕ್ಕಳು ಮದುಮಗಳಿಗಾಗಿ ಸೇರುವ ಕೂಟದಲ್ಲಿ, ಹುಡುಗಿ ತನಗಾಗಿಯೇ ಸೇರಿದ್ದ ಗೆಳತಿಯರ ನಡುವೆ ಕಣ್ಣು ತುಂಬಿಕೊಂಡು, ದಣಿದು ಕೂತಿದ್ದಳು.

ಆ ಮದುವೆಯ ನಂತರ ನಮ್ಮ ಬಳಗದ ಐದಾರು ಹೆಣ್ಣುಮಕ್ಕಳ ಗೌನು ಮತ್ತು ಶವರ್ ಎರಡರ ಹೊಣೆಯನ್ನೂ ನಾನು ಹೊತ್ತಿದ್ದೇನೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಯೋಜಿಸಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂಬುದು ನನಗೆ ಪ್ರತಿ ಸಲವೂ ಇನ್ನಷ್ಟು ಖಚಿತವಾಗಿದೆ. ಶವರಿನ ದಿನ ಯಾವುದು ಎಂಬುದನ್ನು ಗೌನಿನ ಫಿಟಿಂಗ್ ದಿನಗಳನ್ನು ನೋಡಿಯೇ ಗೊತ್ತುಮಾಡಬೇಕು. ಈ ಬರಹದ ಎಲ್ಲ ಸಲಹೆಗಳೂ ಆ ಒಂದು ಮಾತಿನ ಸುತ್ತ ಇವೆ.

ಬೀದರ್ ಜಿಲ್ಲೆಯ ಊರೂರಲ್ಲಿ ಮೆಥೊಡಿಸ್ಟ್ ಸಭೆಗಳಿವೆ, ಕಲಬುರಗಿಯಲ್ಲಿ 2005ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ. ನಮ್ಮ ಅಜ್ಜಿಯಂದಿರು ಬಿಳಿ ಸೀರೆಯುಟ್ಟು ಮದುವೆಯಾದವರು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ತನ್ನ ಮದುವೆಗೆ ಬಿಳಿ ಗೌನು ತೊಟ್ಟ ಮೇಲೆ ಆ ಬಣ್ಣ ಮದುಮಗಳ ಬಣ್ಣವೆಂದು ಪಶ್ಚಿಮದಲ್ಲಿ ಹರಡಿತು, ಮಿಷನರಿಗಳ ಕಾಲದಲ್ಲಿ ಇಲ್ಲಿಗೂ ಬಂತು. ಈಗಿನ ಹುಡುಗಿಯರು ಚರ್ಚಿಗೆ ಗೌನು, ಆರತಕ್ಷತೆಗೆ ರೇಷ್ಮೆ ಸೀರೆ ಎಂದು ಹಂಚಿಕೊಳ್ಳುತ್ತಾರೆ. ಲಿಂಗಾಯತ, ಮರಾಠ ಮನೆಗಳ ಹುಡುಗಿಯರೂ ಆರತಕ್ಷತೆಗೆ ಉದ್ದ ಟ್ರೇಲ್ (ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಭಾಗ) ಇರುವ ಬಣ್ಣದ ಗೌನು ತೊಡುವುದು ಸಾಮಾನ್ಯವಾಗಿದೆ. ಬಣ್ಣ ಯಾವುದಾದರೂ ಹೊಲಿಗೆಯ ನಿಯಮ ಒಂದೇ.

ದಿನಗಳ ಲೆಕ್ಕ

ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ. ಗೌನು ಐದಾರು ತಿಂಗಳು ಮೊದಲೇ ಕೈಗೆ ಬಂದಿರಬೇಕು. ಹತ್ತು ವಾರ ಇರುವಾಗ ಮದುವೆಯ ಚಪ್ಪಲಿಯನ್ನೂ ಗೌನಿನ ಒಳಗೆ ತೊಡುವ ಒಳಉಡುಪನ್ನೂ ಕೊಂಡುಬಿಡಿ. ಎಂಟು ವಾರ ಇರುವಾಗ ಮೊದಲ ಫಿಟಿಂಗ್, ನಾಲ್ಕು ವಾರ ಇರುವಾಗ ಎರಡನೆಯದು, ಏಳೆಂಟು ದಿನ ಇರುವಾಗ ಕೊನೆಯದು. ಶವರ್ ಎರಡನೆಯ ಮತ್ತು ಕೊನೆಯ ಫಿಟಿಂಗಿನ ನಡುವೆ, ಮದುವೆಗೆ ಎರಡು ಅಥವಾ ಮೂರು ವಾರ ಇರುವಂತೆ ಬರಲಿ. ಆ ಹೊತ್ತಿಗೆ ಗೌನಿನ ದೊಡ್ಡ ಕೆಲಸ ಮುಗಿದಿರುತ್ತದೆ, ಅರಿಶಿನ ಹಂದರದ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಇರುವುದರಿಂದ, ಮೊದಲ ಪ್ರಕಟಣೆಯ ನಂತರದ ಶನಿವಾರ ನನ್ನ ಲೆಕ್ಕದಲ್ಲಿ ಬಹಳ ಒಳ್ಳೆಯ ದಿನ.

ನಮ್ಮ ಭಾಗದಲ್ಲಿ ಈ ಲೆಕ್ಕವನ್ನು ತಪ್ಪಿಸುವ ಒಂದು ಸಂಗತಿಯಿದೆ. ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟಿನ ನಲವತ್ತು ದಿನ ಕ್ರೈಸ್ತ ಮನೆಗಳಲ್ಲಿ ಮದುವೆ ಮಾಡುವುದು ವಿರಳವಾದ್ದರಿಂದ ಈಸ್ಟರ್ ಮುಗಿದೊಡನೆ ಮದುವೆಗಳು ಒತ್ತೊತ್ತಾಗಿ ಬರುತ್ತವೆ. ಬೀದರ್, ಕಲಬುರಗಿಯ ಒಳ್ಳೆಯ ಟೇಲರ್‌ಗಳಲ್ಲಿ ಬಹಳಷ್ಟು ಮಂದಿ ರಂಜಾನ್ ತಿಂಗಳ ಅರ್ಧಕ್ಕೇ ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸುತ್ತಾರೆ, ಏಕೆಂದರೆ ಹಬ್ಬದ ಬಟ್ಟೆಗಳ ರಾಶಿ ಅವರ ಮುಂದೆ ಇರುತ್ತದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಹಾಗಾಗಿ ಕಳೆದ ವರ್ಷದ ಮದುವೆಯ ಅನುಭವವನ್ನು ನಂಬಿ ಕೂರದೆ, ಕ್ಯಾಲೆಂಡರ್ ನೋಡಿ, ಮೊದಲ ಫಿಟಿಂಗನ್ನು ರಂಜಾನ್ ಆರಂಭಕ್ಕೂ ಮುಂಚೆ ಮುಗಿಸಿಕೊಳ್ಳಿ. ಕಲಬುರಗಿಯವರು ಶವರಿನ ದಿನವನ್ನು ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯ ದಿನಗಳಿಂದ ದೂರ ಇಡಿ. ಆ ದಿನಗಳಲ್ಲಿ ಆಟೊ ಸಿಗುವುದೂ ಕಷ್ಟ, ಅಂಗಡಿಯವರ ಗಮನ ಸಿಗುವುದೂ ಕಷ್ಟ.

ಕೊಳ್ಳುವ ಮುನ್ನ ಅಳತೆ

ಗೌನಿಗಾಗಿ ಇಲ್ಲಿಂದ ಹೆಚ್ಚಿನವರು ಹೈದರಾಬಾದಿಗೆ ಹೋಗುತ್ತಾರೆ. ಬೀದರಿನಿಂದ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರ್, ಬೆಳಗ್ಗೆ ಹೊರಟರೆ ರಾತ್ರಿಗೆ ಮರಳಬಹುದು. ಉಳಿದವರು ಆನ್‌ಲೈನಿನಲ್ಲಿ ತರಿಸುತ್ತಾರೆ. ಎರಡೂ ಸಂದರ್ಭದಲ್ಲಿ ಅಳತೆಯ ಚೀಟಿ ಕೈಯಲ್ಲಿರಬೇಕು. ಎದೆ, ಎದೆಯ ಕೆಳಸುತ್ತು, ಸೊಂಟದ ಅತಿ ಸಣ್ಣ ಜಾಗ, ನಿತಂಬದ ಅತಿ ಅಗಲದ ಜಾಗ, ಭುಜದಿಂದ ಭುಜ, ತೋಳಿನ ಸುತ್ತು, ಮತ್ತು ಕೊರಳ ಕುಳಿಯಿಂದ ನೆಲದವರೆಗಿನ ಉದ್ದ, ಇವಿಷ್ಟು ಬೇಕು. ಕೊನೆಯ ಅಳತೆಯನ್ನು ಮದುವೆಗೆ ಮೆಟ್ಟುವಷ್ಟೇ ಎತ್ತರದ ಚಪ್ಪಲಿಯಲ್ಲಿ ನಿಂತು ತೆಗೆದುಕೊಳ್ಳಬೇಕು. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ, ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲವಿರಲಿ. ತನ್ನ ಅಳತೆಯನ್ನು ತಾನೇ ಹಿಡಿಯಲು ಹೋದರೆ ಕೈ ಎತ್ತಿದ ಕೂಡಲೇ ಎದೆಯ ಅಳತೆ ಬದಲಾಗುತ್ತದೆ, ಆದ್ದರಿಂದ ಇನ್ನೊಬ್ಬರು ಹಿಡಿಯಲಿ.

ಎದೆ ಒಂದು ಸೈಜಿಗೆ, ಸೊಂಟ ಇನ್ನೊಂದಕ್ಕೆ ಬಂದರೆ ದೊಡ್ಡದನ್ನೇ ಕೊಳ್ಳಿ. ಒಂದೆರಡು ಸೈಜು ಹಿಡಿಸುವುದು ಟೇಲರಿಗೆ ನಿತ್ಯದ ಕೆಲಸ. ಬಿಡಿಸುವುದಾದರೆ ಒಳಗೆ ಬಟ್ಟೆಯ ಮಾರ್ಜಿನ್ ಇರಬೇಕು, ಅದು ಇಲ್ಲದೆ ಯಾವ ಜಾಣತನವೂ ನಡೆಯುವುದಿಲ್ಲ. ಕೊಳ್ಳುವಾಗಲೇ ಗೌನನ್ನು ಒಳಮಗ್ಗುಲಾಗಿ ತಿರುವಿ ಪಕ್ಕದ ಹೊಲಿಗೆಯನ್ನು ನೋಡಿ. ಅರ್ಧ ಇಂಚು ಮಾತ್ರ ಕಾಣಿಸಿದರೆ ಅದು ಬಿಡಿಸಲಾಗದ ಗೌನು ಎಂದೇ ತಿಳಿಯಿರಿ. ಸ್ಯಾಟಿನ್ ಬಟ್ಟೆಯಲ್ಲಿ ಮಾರ್ಜಿನ್ ಇದ್ದರೂ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣುತ್ತವೆ, ಅವನ್ನು ಮುಚ್ಚಲು ಲೇಸ್ ಹಚ್ಚಬೇಕಾಗುತ್ತದೆ. ಬೇಸಿಗೆಯ ಮದುವೆಯಾದರೆ ಎದೆಭಾಗದ ಲೈನಿಂಗ್ ಹತ್ತಿಯದೋ ಮಲ್ ಬಟ್ಟೆಯದೋ ಆಗಿರಲಿ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪಾಲಿಯೆಸ್ಟರ್ ಲೈನಿಂಗಿನೊಳಗೆ ಮೂರು ತಾಸು ನಿಂತ ಹುಡುಗಿಯ ಮುಖವನ್ನು ನೋಡಿದವರು ಈ ಮಾತನ್ನು ಅಲ್ಲಗಳೆಯಲಾರರು. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ತಂಪು, ಅಷ್ಟೇ.

ಟೇಲರನ್ನು ಆರಿಸುವುದು

ಜಂಪರ್ ಚೆನ್ನಾಗಿ ಹೊಲಿಯುವವರೆಲ್ಲ ಗೌನು ಬಿಚ್ಚಲು ಸಮರ್ಥರೆಂದು ಹೇಳಲಾಗದು. ಅಂಗಡಿಗೆ ಹೋಗಿ ಅವರು ಹಿಂದೆ ಮಾಡಿದ ನೆಟ್ ಅಥವಾ ಲೇಸ್ ಕೆಲಸ ತೋರಿಸಿ ಎಂದು ಕೇಳಿ. ಮಣಿ ಕೆಲಸದ ಮೇಲೆ ಹೊಲಿಗೆ ಹಾಕುವಾಗ ಏನು ಮಾಡುತ್ತೀರಿ ಎಂದು ಕೇಳಿ: ಹೊಲಿಗೆಯ ಹಾದಿಯಲ್ಲಿರುವ ಮಣಿಗಳನ್ನು ಮೊದಲು ಬಿಡಿಸಿ, ಆಮೇಲೆ ಕೈಹೊಲಿಗೆಯಲ್ಲಿ ಮರಳಿ ಕೂರಿಸುತ್ತೇವೆ ಎಂದರೆ ಅವರು ಕೆಲಸ ಬಲ್ಲವರು, ನೇರ ಮಷಿನ್ ಓಡಿಸಿದರೆ ಸೂಜಿ ಮುರಿಯುತ್ತದೆ, ಮಣಿ ಒಡೆಯುತ್ತದೆ, ಬಟ್ಟೆಯೂ ಹರಿಯಬಹುದು. ನೆಟ್ಟಿಗೆ 9 ಅಥವಾ 11ನೇ ನಂಬರಿನ ಸಣ್ಣ ಸೂಜಿ ಹಾಕುತ್ತಾರೆಯೇ ಎಂಬುದೂ ಒಂದು ಒಳ್ಳೆಯ ಪ್ರಶ್ನೆ. ಚೌಕಟ್ಟಿಗೆ ಬಟ್ಟೆ ಬಿಗಿದು ಕೈಯಲ್ಲಿ ಕಸೂತಿ ಹಾಕುವ ಮಗ್ಗಂ ವರ್ಕ್ ಮಾಡುವ ಕಾರ್ಖಾನೆಯವರು ಹತ್ತಿರದಲ್ಲಿದ್ದರೆ, ಕತ್ತರಿ ಕೆಲಸ ಟೇಲರಿಗೆ, ಮಣಿ ಮತ್ತು ಲೇಸ್ ಕೂರಿಸುವ ಕೆಲಸ ಅವರಿಗೆ ಎಂದು ಹಂಚಬಹುದು. ಒಪ್ಪಿಕೊಂಡ ಕೆಲಸಗಳು, ದಿನ, ಹಣ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಹಾಗೆಯೇ ಕತ್ತರಿಸಿದ ಪ್ರತಿ ತುಂಡನ್ನೂ ಮರಳಿ ಕೊಡಬೇಕು ಎಂಬ ಸಾಲು ಆ ಚೀಟಿಯಲ್ಲಿರಲಿ. ಬಜೆಟ್ ಹಾಕುವಾಗ ಗೌನಿನ ಬೆಲೆಯ ಜೊತೆಗೇ ಆಲ್ಟರೇಶನ್ ಹಣವನ್ನೂ ತೆಗೆದಿಡಿ, ಏಕೆಂದರೆ ಲೇಸ್ ಬಿಚ್ಚಿ ಕೂರಿಸುವ ಕೈಕೆಲಸಕ್ಕೆ ಸಾದಾ ಹೊಲಿಗೆಗಿಂತ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ.

ಮೊದಲ ಫಿಟಿಂಗ್

ಈ ದಿನ ಹುಡುಗಿ ಚಪ್ಪಲಿ, ಒಳಉಡುಪು, ಗೌನನ್ನು ಉಬ್ಬಿಸಿ ನಿಲ್ಲಿಸುವ ಕ್ಯಾನ್‌ಕ್ಯಾನ್ ಪೆಟಿಕೋಟು ಎಲ್ಲವನ್ನೂ ತೊಟ್ಟೇ ನಿಲ್ಲಬೇಕು. ಜೊತೆಗೆ ಇಬ್ಬರು ಸಾಕು. ಆರು ಜನ ಹೋದರೆ ಆರು ಅಭಿಪ್ರಾಯ, ಟೇಲರಿಗೆ ಯಾರ ಮಾತು ಕೇಳಬೇಕೆಂದು ತಿಳಿಯುವುದಿಲ್ಲ. ಕನ್ನಡಿಯ ಮುಂದೆ ನೆಟ್ಟಗೆ ನಿಂತ ಹುಡುಗಿಗೆ ಗೌನು ಚೆಂದ ಕಂಡರೆ ಫಿಟಿಂಗ್ ಮುಗಿಯಿತು ಎಂದುಕೊಳ್ಳಬಾರದು, ಅದು ಅಲ್ಲಿಂದ ಶುರು.

ಕಳೆದ ವರ್ಷ ಒಬ್ಬ ಹುಡುಗಿಯ ಜೊತೆ ಹೋದಾಗ ನಾನು ಅವಳಿಗೆ, ಆಶೀರ್ವಾದಕ್ಕೆ ಮೊಣಕಾಲೂರುವಂತೆ ಕೂತು ತೋರಿಸು ಎಂದೆ. ಅವಳು ನೆಲಕ್ಕೆ ಮೊಣಕಾಲೂರಿ, ಎರಡೂ ಕೈ ಜೋಡಿಸಿದಳು. ಕೂಡಲೇ ಭುಜದ ಹೊಲಿಗೆ ಕಿವಿಯ ಹತ್ತಿರಕ್ಕೆ ಎದ್ದಿತು, ಎದೆಭಾಗ ಒಂದಿಂಚು ಮುಂದಕ್ಕೆ ಬಾಯ್ಬಿಟ್ಟಿತು, ಬೆನ್ನ ಹಿಂದೆ ಜಿಪ್ಪಿನ ಎರಡೂ ಪಕ್ಕ ಬಟ್ಟೆ ಸೆಳೆದು ಅಡ್ಡ ಗೆರೆಗಳು ಮೂಡಿದವು. ಟೇಲರ್ ಚಾಚಾ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, ಏನೂ ಮಾತನಾಡದೆ, ಭುಜದ ಬಳಿ ಕಾಲಿಂಚು ಮಡಿಚಿ ಮೂರು ಸೂಜಿ ಚುಚ್ಚಿ, ಕಂಕುಳ ಕೆಳಗೆ ಅಷ್ಟೇ ಬಿಟ್ಟರು. ಮತ್ತೆ ಮೊಣಕಾಲೂರಿಸಿದಾಗ ಗೌನು ಅವಳ ಜೊತೆಗೇ ಬಾಗಿತು, ಎಲ್ಲಿಯೂ ಎಳೆಯಲಿಲ್ಲ. ನಿಂತಿದ್ದಾಗ ಈ ದೋಷದ ಸುಳಿವೂ ಇರಲಿಲ್ಲ.

ಆದ್ದರಿಂದ ಕ್ರಮವಾಗಿ ಹೀಗೆ ಮಾಡಿಸಿ: ಕುರ್ಚಿಯಲ್ಲಿ ಕೂತು ಐದು ನಿಮಿಷ ಮಾತನಾಡುವುದು, ಹಾರ ಹಾಕುವಂತೆ ಕೈಯನ್ನು ತಲೆಯ ಮೇಲೆ ಎತ್ತುವುದು, ಅತ್ತೆಯನ್ನು ಅಪ್ಪಿಕೊಳ್ಳುವಂತೆ ತೋಳು ಚಾಚುವುದು, ಮೆಟ್ಟಿಲು ಹತ್ತಿ ಇಳಿಯುವುದು, ದೀರ್ಘ ಉಸಿರು ತೆಗೆದುಕೊಂಡು ಹಿಡಿದು ನಿಲ್ಲುವುದು. ಉಸಿರು ಹಿಡಿದಾಗ ಎದೆಭಾಗ ಬಿಗಿದರೆ ಅರ್ಧ ಇಂಚು ಬಿಡಲು ಹೇಳಿ. ಸೆಕೆಯಲ್ಲಿ ಮೈ ತುಸು ಊದಿಕೊಳ್ಳುವುದು ಸಹಜ, ಊಟವಾದ ಮೇಲಂತೂ ಇನ್ನಷ್ಟು. ಗುರುತುಗಳೆಲ್ಲ ಗುಂಡುಸೂಜಿಯಲ್ಲೋ ಟೇಲರ್ ಸೀಮೆಸುಣ್ಣದಲ್ಲೋ ಇರಲಿ, ಬಿಳಿ ಗೌನಿನ ಮೇಲೆ ಪೆನ್ನು ತಾಗಲೇಬಾರದು.

ಹೊಲಿಗೆಯ ಸರದಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ: ಮೊದಲು ಭುಜ ಮತ್ತು ಎದೆ, ಆಮೇಲೆ ಪಕ್ಕ ಮತ್ತು ಸೊಂಟ, ಅದರ ನಂತರವೇ ಅಂಚು, ಎಲ್ಲಕ್ಕೂ ಕೊನೆಗೆ ಟ್ರೇಲ್ ಎತ್ತಿ ಕಟ್ಟುವ ವ್ಯವಸ್ಥೆ. ಭುಜ ಅರ್ಧ ಇಂಚು ಎತ್ತಿದರೆ ಇಡೀ ಗೌನು ಅರ್ಧ ಇಂಚು ಎತ್ತಿದಂತೆ. ಅಂಚನ್ನು ಮೊದಲೇ ಕತ್ತರಿಸಿದ್ದರೆ ಆ ಅರ್ಧ ಇಂಚನ್ನು ಎಲ್ಲಿಂದ ತರುವುದು?

ಗೌನು ಬಿಗಿಯಾದಾಗ

ಮಾರ್ಜಿನ್ ಸಾಲದೆ ಎರಡು ಮೂರು ಇಂಚು ಕೊರತೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಬೆನ್ನಿನ ಜಿಪ್ಪನ್ನು ಬಿಚ್ಚಿ, ಎರಡೂ ಅಂಚಿಗೆ ಬಟ್ಟೆಯ ಕುಣಿಕೆಗಳನ್ನು ಸಾಲಾಗಿ ಕೂರಿಸಿ, ನಡುವೆ ಡೋರಿ ಹೆಣೆದು ಕಟ್ಟುವಂತೆ ಮಾಡಿಸಬಹುದು. ಹೊಲಿಗೆಯವರ ಮಾತಿನಲ್ಲಿ ಇದು ಕಾರ್ಸೆಟ್ ಬ್ಯಾಕ್. ಡೋರಿಯ ಹಿಂದೆ ಚರ್ಮ ಕಾಣದಂತೆ ಅದೇ ಬಣ್ಣದ ಒಂದು ಅಡ್ಡಪಟ್ಟಿ ಬೇಕು, ಅದನ್ನು ಒಂದು ಪಕ್ಕಕ್ಕೆ ಮಾತ್ರ ಹೊಲಿದು ಇನ್ನೊಂದು ಪಕ್ಕ ಸಡಿಲ ಬಿಡಬೇಕು. ಮದುವೆಯ ಹೊತ್ತಿಗೆ ತೂಕ ಏರಲಿ ಇಳಿಯಲಿ, ಡೋರಿಯನ್ನು ಬಿಗಿದೋ ಸಡಿಲಿಸಿಯೋ ಹೊಂದಿಸಬಹುದು ಎಂಬ ಕಾರಣಕ್ಕೆ, ಜಿಪ್ ಸರಿಯಾಗಿರುವ ಗೌನಿಗೂ ನಾನು ಕೆಲವೊಮ್ಮೆ ಇದನ್ನೇ ಸೂಚಿಸುತ್ತೇನೆ. ಇನ್ನೊಂದು ದಾರಿ ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕ ಕಿರಿದಾದ ಪಟ್ಟಿ ಸೇರಿಸುವುದು. ಅಂಚಿನಿಂದ ಕತ್ತರಿಸಿದ ತುಂಡುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಮದುವೆಗಾಗಿ ತೂಕ ಇಳಿಸುತ್ತೇನೆಂದು ಹುಡುಗಿ ಹೇಳಿದರೂ ಇಂದಿನ ಮೈಗೇ ಹೊಂದಿಸಿ. ಗೌನನ್ನು ಮೈಗೆ ಹೊಂದಿಸಲು ಟೇಲರ್ ಇದ್ದಾರೆ. ಗೌನಿಗಾಗಿ ಉಪವಾಸ ಬೀಳುವ ಹುಡುಗಿಯನ್ನು ಮನೆಯ ಹಿರಿಯರು ತಡೆಯಬೇಕು.

ಅಂಚು, ಟ್ರೇಲ್ ಮತ್ತು ನಮ್ಮ ಮಣ್ಣು

ಮುಂಭಾಗದ ಅಂಚು ನೆಲದಿಂದ ಅರ್ಧದಿಂದ ಒಂದು ಇಂಚು ಮೇಲಿದ್ದರೆ ಒಳಾಂಗಣದಲ್ಲಿ ಸರಿ. ನಡೆಯುವಾಗ ಬೂಟಿನ ತುದಿ ಬಟ್ಟೆಯನ್ನು ಒದೆಯಬಾರದು ಎಂಬುದೇ ಅದರ ಪರೀಕ್ಷೆ. ಆದರೆ ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ, ಕಲಬುರಗಿ ಯಾದಗಿರಿಯದು ಎರೆಭೂಮಿ. ಚರ್ಚಿನ ಅಂಗಳ, ಕೋಟೆಯ ಫೋಟೊಶೂಟ್, ಬಯಲಿನ ಹಂದರ ಇವೆಲ್ಲ ಇದ್ದರೆ ಒಂದೂವರೆ ಇಂಚು ಎತ್ತರ ಇರಲಿ. ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ಅದರ ಕಲೆಯ ಮೇಲೆ ಬ್ಲೀಚ್ ಹಾಕಿದರೆ ಹೋಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಹಸಿ ಕೆಸರನ್ನು ಉಜ್ಜದೆ, ಪೂರ್ತಿ ಒಣಗಲು ಬಿಟ್ಟು, ಮೆತ್ತನೆಯ ಬ್ರಶ್ಶಿನಿಂದ ಕೊಡವಬೇಕು. ಮಿಕ್ಕದ್ದನ್ನು ಡ್ರೈಕ್ಲೀನಿಂಗಿನವರಿಗೆ ಬಿಡಿ, ಕಲೆ ಯಾವುದರದೆಂದು ಅವರಿಗೆ ತಪ್ಪದೆ ಹೇಳಿ.

ನೆಟ್ ಎಳೆ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಹರಿತ ಕತ್ತರಿಯಲ್ಲಿ ಸುತ್ತ ಕತ್ತರಿಸಿದರೆ ಸಾಕು, ಮಡಿಚಿ ಹೊಲಿಯಬೇಕಿಲ್ಲ. ಸ್ಯಾಟಿನ್ ಮತ್ತು ಲೈನಿಂಗನ್ನು ಮಡಿಚಲೇಬೇಕು. ಅಂಚಿನಲ್ಲಿ ಲೇಸಿನ ಬಳ್ಳಿಯಿದ್ದರೆ ಅದನ್ನು ಬಿಡಿಸಿ, ಬಟ್ಟೆ ಕತ್ತರಿಸಿ, ಲೇಸನ್ನು ಮೇಲಕ್ಕೆ ಕೂರಿಸಬೇಕು. ಲೇಸ್ ತೀರ ಅಗಲವಾಗಿದ್ದರೆ ಸೊಂಟದಲ್ಲಿ ಲಂಗವನ್ನು ಬಿಚ್ಚಿ ಅಲ್ಲಿಂದಲೇ ಉದ್ದ ಕಡಿಮೆ ಮಾಡುವುದು ಒಳ್ಳೆಯದು.

ಟ್ರೇಲ್ ಚರ್ಚಿನ ನಡುದಾರಿಯಲ್ಲಿ ಎಷ್ಟು ಚೆಂದವೋ ಊಟದ ಪಂಕ್ತಿಯಲ್ಲಿ ಅಷ್ಟೇ ಕಷ್ಟ. ಅದನ್ನು ಎತ್ತಿ ಕಟ್ಟುವುದಕ್ಕೆ ಎರಡು ಬಗೆಗಳಿವೆ. ಹೊರಗಡೆ ಸೊಂಟದ ಹತ್ತಿರ ಸಣ್ಣ ಗುಂಡಿಗಳನ್ನು ಕೂರಿಸಿ ಟ್ರೇಲಿನ ಕುಣಿಕೆಗಳನ್ನು ಅವಕ್ಕೆ ಸಿಕ್ಕಿಸುವುದು ಒಂದು. ಲಂಗದ ಒಳಗಡೆ ರಿಬ್ಬನ್‌ಗಳನ್ನು ಹೊಲಿದು ಮೇಲಿನದಕ್ಕೆ ಕೆಳಗಿನದನ್ನು ಕಟ್ಟುವುದು ಇನ್ನೊಂದು. ಮಣಿ ಕೆಲಸದ ಭಾರವಾದ ಗೌನಿಗೆ ಒಂದೇ ಗುಂಡಿ ಹಾಕಿದರೆ ಅದು ಕಿತ್ತುಬರುತ್ತದೆ, ಮೂರರಿಂದ ಐದು ಕಡೆ ಆಧಾರ ಬೇಕು. ಒಳಗಿನ ರಿಬ್ಬನ್‌ಗಳು ಜೋಡಿ ಜೋಡಿಗೆ ಬೇರೆ ಬಣ್ಣದವಾಗಿದ್ದರೆ ಅವಸರದಲ್ಲಿ ಕಟ್ಟುವವರಿಗೆ ತಪ್ಪುವುದಿಲ್ಲ.

ಬಾಡಿಗೆಯ ಗೌನಿಗೆ ಕತ್ತರಿ ತಾಗಿಸುವಂತಿಲ್ಲ. ಅಂಗಡಿಯವರ ಒಪ್ಪಿಗೆ ಪಡೆದು, ಪಕ್ಕಗಳನ್ನೂ ಅಂಚನ್ನೂ ಒಳಕ್ಕೆ ಮಡಿಚಿ ಉದ್ದನೆಯ ಕೈಹೊಲಿಗೆ ಹಾಕಿಸಿ, ಅಂಟು ಬಳಸಬೇಡಿ. ತಾಯಿಯ ಬಿಳಿ ಮದುವೆ ಸೀರೆಯನ್ನು ಗೌನಾಗಿಸುವ ಆಸೆಯಿದ್ದರೆ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ರೇಷ್ಮೆ ಮಡಿಕೆಯ ಗೆರೆಗಳಲ್ಲೇ ಹರಿಯುತ್ತದೆ. ಅಲ್ಲಿ ಬೆಳಕು ತೂರಿಬಂದರೆ ಇಡೀ ಗೌನಿನ ಬದಲು ಮುಸುಕನ್ನೋ ಸೊಂಟಪಟ್ಟಿಯನ್ನೋ ಮಾಡಿಸುವುದು ಆ ಸೀರೆಗೆ ತೋರುವ ಮರ್ಯಾದೆ.

ಶವರ್: ಯಾರು, ಎಲ್ಲಿ, ಹೇಗೆ

ಬ್ರೈಡಲ್ ಶವರ್ ಪಶ್ಚಿಮದಿಂದ ಬಂದ ಹೆಸರು. ಮದುವೆಗೆ ಮುನ್ನ ಹೆಣ್ಣುಮಕ್ಕಳು ಸೇರಿ ಮದುಮಗಳಿಗೆ ಬಳೆ ತೊಡಿಸಿ, ಉಡಿ ತುಂಬಿ, ಹಾಡಿ, ಉಣಿಸಿ ಕಳಿಸುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇರುವುದರಿಂದ ಇದು ನಮಗೆ ಪರಕೀಯವೆನಿಸುವುದಿಲ್ಲ. ಆದರೆ ಅರಿಶಿನದ ದಿನದಲ್ಲಿ ಇಡೀ ಬಳಗ ಮುಂದಿರುತ್ತದೆ. ಶವರಿನಲ್ಲಿ ಹುಡುಗಿ ಮುಂದಿರಬೇಕು. ಅವಳನ್ನು ಕೇಳದೆ ಅಚ್ಚರಿಯ ಕೂಟ ಏರ್ಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಯಾರು ಬಂದರೆ ಅವಳ ಮನಸ್ಸು ಹಗುರಾಗುತ್ತದೆ, ಯಾರು ಬಂದರೆ ಬಿಗಿಯಾಗುತ್ತದೆ ಎಂಬುದು ಅವಳಿಗೆ ಮಾತ್ರ ಗೊತ್ತು.

ಏರ್ಪಡಿಸುವ ಹೊಣೆ ಗೆಳತಿಯರದು, ಅಕ್ಕತಂಗಿಯರದು, ಸೋದರತ್ತೆಯರದು. ಮದುವೆಯ ಖರ್ಚಿನ ನಡುವೆ ತಾಯ್ತಂದೆಯರ ಮೇಲೆ ಇದನ್ನೂ ಹೇರಬಾರದು. ಹತ್ತು ಜನ ಸೇರಿ ಹಣ ಹಾಕುವುದಾದರೆ ಒಬ್ಬರೇ ಎಲ್ಲರಿಂದ ಪ್ರತ್ಯೇಕವಾಗಿ, ಗುಂಪಿನಲ್ಲಿ ಹೇಳದೆ, ಅವರವರಿಗೆ ಆದಷ್ಟನ್ನು ಪಡೆಯಲಿ. ವಾಟ್ಸಾಪ್ ಗುಂಪಿನಲ್ಲಿ ಯಾರು ಎಷ್ಟು ಕೊಟ್ಟರೆಂದು ಪಟ್ಟಿ ಹಾಕಿದ ಒಂದು ಕೂಟಕ್ಕೆ, ಹುಡುಗಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದ್ದ ಗೆಳತಿ ಬಾರದೆ ಉಳಿದದ್ದನ್ನು ನಾನು ನೋಡಿದ್ದೇನೆ.

ಹದಿನೈದರಿಂದ ಇಪ್ಪತ್ತೈದು ಜನ ಸಾಕು. ಶವರಿಗೆ ಕರೆದವರನ್ನು ಮದುವೆಗೂ ಕರೆದಿರಲೇಬೇಕು. ಹುಡುಗಿಯರಿಗೆ ಮೊಬೈಲಿನ ಕರೆ ನಡೆಯುತ್ತದೆ. ಹಿರಿಯ ಹೆಂಗಸರನ್ನು ಮನೆಗೆ ಹೋಗಿಯೇ ಕರೆಯಿರಿ. ಗಂಡಿನ ಕಡೆಯಿಂದ ಅತ್ತೆ, ನಾದಿನಿಯರನ್ನು ಕರೆದರೆ ಹೊಸ ಸಂಬಂಧಕ್ಕೆ ಒಳ್ಳೆಯ ಆರಂಭ, ಆದರೆ ಅದನ್ನೂ ಹುಡುಗಿಯೇ ತೀರ್ಮಾನಿಸಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ: ಗಂಡನನ್ನು ಕಳೆದುಕೊಂಡ ತಾಯಿ, ಅತ್ತೆ, ಅಕ್ಕ ಇದ್ದರೆ ಅವರನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಬೇಡಿ. ಮೊದಲ ಬಳೆಯನ್ನು ಅವರ ಕೈಯಿಂದಲೇ ತೊಡಿಸಿ. ಬಸವಣ್ಣನವರ ಕಲ್ಯಾಣ ಇರುವ ಜಿಲ್ಲೆಯಲ್ಲಿ ಈ ಭೇದ ಇನ್ನೂ ಉಳಿದಿರುವುದು ನನಗೆ ನೋವಿನ ಸಂಗತಿ.

ಜಾಗಕ್ಕೆ ಮನೆಯ ಪಡಸಾಲೆ ಅಥವಾ ಮಾಳಿಗೆ ಒಳ್ಳೆಯದು. ಬೇಸಿಗೆಯಲ್ಲಿ ಸಂಜೆ ಐದಕ್ಕೆ ಮುಂಚೆ ಮಾಳಿಗೆಯ ನೆಲ ಕಾಲಿಡಲಾಗದಷ್ಟು ಕಾದಿರುತ್ತದೆ. ನಾಲ್ಕೂವರೆಗೆ ನೀರು ಚಿಮುಕಿಸಿ, ಐದೂವರೆಗೆ ಜಮಖಾನೆ ಹಾಸಿ. ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದು ಇನ್ವರ್ಟರ್ ಅಥವಾ ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ. ತಿಂಡಿಗೆ ಸುಸಲಾ, ಮಿರ್ಚಿ ಭಜಿ, ಶೇಂಗಾ ಹೋಳಿಗೆ, ಮಜ್ಜಿಗೆ, ಕಲಬುರಗಿಯಲ್ಲಾದರೆ ಮಾಲ್ಪುರಿ. ಕೇಕು ಬೇಕೆಂದರೆ ಚಿಕ್ಕದೊಂದು. ಎಂಟರೊಳಗೆ ಮುಗಿದರೆ ದೂರದ ಹುಡುಗಿಯರು ನೆಮ್ಮದಿಯಿಂದ ಮನೆ ಸೇರುತ್ತಾರೆ.

ಆಟಗಳು ಎರಡೋ ಮೂರೋ ಇರಲಿ, ಮದುಮಗಳನ್ನು ಮುಜುಗರಕ್ಕೆ ಈಡುಮಾಡುವ ಪ್ರಶ್ನೆಗಳು ಬೇಡ. ನಮ್ಮ ಮನೆಯಲ್ಲಿ ಈಗ ರೂಢಿಯಾಗಿರುವುದು ಕೌದಿ. ಬರುವ ಪ್ರತಿಯೊಬ್ಬರೂ ತಮ್ಮ ಹಳೆಯ ಸೀರೆಯ ಅಂಗೈ ಎರಡರಷ್ಟು ತುಂಡನ್ನು ತರುತ್ತಾರೆ, ಅದು ಯಾವ ಸೀರೆ, ಯಾವ ದಿನ ಉಟ್ಟದ್ದು ಎಂದು ಹೇಳಿ ಹುಡುಗಿಯ ಕೈಗೆ ಕೊಡುತ್ತಾರೆ. ಅಜ್ಜಿಯೊಬ್ಬರು ಸೂಜಿಗೆ ದಾರ ಪೋಣಿಸಿ ಮೊದಲ ಎರಡು ತುಂಡು ಸೇರಿಸುತ್ತಾರೆ; ಉಳಿದದ್ದನ್ನು ಮುಂದಿನ ತಿಂಗಳುಗಳಲ್ಲಿ ಹೊಲಿದು ಮುಗಿಸುತ್ತೇವೆ.

ಉಡುಗೊರೆಗೆ ಒಬ್ಬರು ಪಟ್ಟಿ ಇಟ್ಟುಕೊಳ್ಳದಿದ್ದರೆ ಐದು ಕುಕ್ಕರ್ ಬರುತ್ತವೆ. ಏನು ಬೇಕೆಂದು ಹುಡುಗಿಯಿಂದ ಮೊದಲೇ ತಿಳಿದುಕೊಂಡು, ಕೇಳಿದವರಿಗೆ ಮಾತ್ರ ಹೇಳಿ. ಗೆಳತಿಯರೆಲ್ಲ ಸೇರಿ ಒಂದನ್ನು ಕೊಡುವುದಾದರೆ ಬಿದರಿ ಕೆಲಸದ ಒಡವೆ ಪೆಟ್ಟಿಗೆ ನನ್ನ ಮೊದಲ ಆಯ್ಕೆ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು; ಹುಡುಗಿ ಯಾವ ಊರಿಗೆ ಹೋದರೂ ತವರಿನ ಮಣ್ಣು ಅವಳ ಕಪಾಟಿನಲ್ಲಿರುತ್ತದೆ. ಕೊಟ್ಟವರ ಹೆಸರು ಮತ್ತು ವಸ್ತುವನ್ನು ಒಬ್ಬರು ಕೂತು ಬರೆದಿಡಲಿ, ನಾಳೆ ಮುಯ್ಯಿ ತೀರಿಸುವಾಗ ಅದು ಬೇಕಾಗುತ್ತದೆ.

ಗೌನನ್ನು ಶವರಿನಲ್ಲಿ ಪ್ರದರ್ಶಿಸಬೇಡಿ. ಇಪ್ಪತ್ತು ಕೈಗಳು, ಭಜಿಯ ಎಣ್ಣೆ, ಮೆಹಂದಿ ಇವೆಲ್ಲ ಇರುವ ಮನೆಯಲ್ಲಿ ಅದು ಇರಲೇಬಾರದು. ಆ ಸಂಜೆ ಗೌನಿನ ಬಗ್ಗೆ ತೀರ್ಮಾನವಾಗಬೇಕಾದದ್ದು ಒಂದೇ: ಮದುವೆಯ ದಿನ ಡೋರಿ ಬಿಗಿಯುವವರು ಮತ್ತು ಟ್ರೇಲ್ ಕಟ್ಟುವವರು ಯಾರು? ಇಬ್ಬರನ್ನು ಹೆಸರಿಸಿ, ಅವರನ್ನು ಕೊನೆಯ ಫಿಟಿಂಗಿಗೆ ಕರೆದೊಯ್ಯಿರಿ. ಟೇಲರ್ ಮಾಡಿ ತೋರಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಅಲ್ಲೇ ಎರಡು ಸಲ ತಾವೇ ಕಟ್ಟಿ ಬಿಚ್ಚಲಿ.

ಕೊನೆಯ ವಾರ ಮತ್ತು ಆಮೇಲೆ

ಕೊನೆಯ ಫಿಟಿಂಗಿನಲ್ಲಿ ಹೊಸ ಕೆಲಸ ಹೇಳಬೇಡಿ. ಎಳೆ, ಹುಕ್ಕು, ಗುಂಡಿ ಇಷ್ಟನ್ನೇ ನೋಡಿ. ಕಂಕುಳ ಭಾಗಕ್ಕೆ ಒಳಗಿನಿಂದ ಹತ್ತಿಯ ಸಣ್ಣ ಪ್ಯಾಡುಗಳನ್ನು ಹೊಲಿಸಿಕೊಳ್ಳಿ. ಗೌನನ್ನು ಅರಿಶಿನದ ಮನೆಯಲ್ಲಿಡದೆ ನೆರೆಯವರಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇಡಿ. ಅರಿಶಿನದ ಕಲೆಗೆ ಸೋಪು ತಾಗಿದರೆ ಅದು ಕೆಂಪಾಗುತ್ತದೆ, ಆಗ ಮನೆಯವರೆಲ್ಲ ಹೆದರಿ ಮತ್ತಷ್ಟು ಉಜ್ಜುತ್ತಾರೆ. ಬಿಸಿಲಿಗೆ ಹಿಡಿದರೆ ಆ ಬಣ್ಣ ತಾನಾಗಿ ಮಾಸುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ತೂಗುಹಾಕುವಾಗ ಭುಜದ ಪಟ್ಟಿಯ ಮೇಲೆ ಭಾರ ಬೀಳದಂತೆ ಒಳಗಿನ ಕುಣಿಕೆಗಳನ್ನು ಹ್ಯಾಂಗರಿಗೆ ಸಿಕ್ಕಿಸಿ; ಮಣಿ ಹೆಚ್ಚಿರುವ ಗೌನನ್ನು ಬಿಳಿ ಧೋತರದ ಮೇಲೆ ಮಲಗಿಸುವುದೇ ಒಳ್ಳೆಯದು. ಸುಕ್ಕು ಬಿಡಿಸಲು ಸ್ಟೀಮರನ್ನು ಒಳಗಡೆಯಿಂದ ಹಿಡಿಯಿರಿ. ನೈಲಾನ್ ನೆಟ್ ಬಿಸಿ ಇಸ್ತ್ರಿ ತಾಗಿದರೆ ಕ್ಷಣದಲ್ಲಿ ಕರಗುತ್ತದೆ.

ಮದುವೆಯ ದಿನ ಒಂದು ಪುಟ್ಟ ಚೀಲದಲ್ಲಿ ಬಿಳಿ ದಾರ ಪೋಣಿಸಿದ ಎರಡು ಸೂಜಿ, ಪಿನ್ನುಗಳು, ಸಣ್ಣ ಕತ್ತರಿ, ಎರಡು ಬದಿಯ ಟೇಪು, ಬಿಳಿ ಸೀಮೆಸುಣ್ಣ, ಟಾಲ್ಕಂ ಪೌಡರ್ ಇರಲಿ. ತುಪ್ಪವೋ ಎಣ್ಣೆಯೋ ಬಿದ್ದರೆ ನೀರು ತಾಗಿಸದೆ ಪೌಡರ್ ಉದುರಿಸಿ, ಹತ್ತು ನಿಮಿಷ ಬಿಟ್ಟು ಕೊಡವಿ.

ಮದುವೆ ಮುಗಿದ ವಾರದೊಳಗೆ ಗೌನು ಡ್ರೈಕ್ಲೀನಿಂಗಿಗೆ ಹೋಗಲಿ, ಏಕೆಂದರೆ ಬೆವರಿನ ಕಲೆ ಮೊದಲು ಕಾಣದೆ ತಿಂಗಳುಗಳ ನಂತರ ಹಳದಿಯಾಗಿ ಏಳುತ್ತದೆ. ಮರಳಿ ಬಂದ ಮೇಲೆ ಪ್ಲಾಸ್ಟಿಕ್ ಚೀಲ ತೆಗೆದುಹಾಕಿ, ಮಲ್ ಬಟ್ಟೆಯಲ್ಲಿ ಸುತ್ತಿ ಇಡಿ. ವರ್ಷಕ್ಕೊಮ್ಮೆ ಬಿಚ್ಚಿ, ಮಡಿಕೆ ಬದಲಿಸಿ ಮತ್ತೆ ಸುತ್ತಿ. ಅಂಚಿನಿಂದ ಕತ್ತರಿಸಿ ಉಳಿಸಿಕೊಂಡ ಬಿಳಿ ತುಂಡುಗಳಲ್ಲಿ ಒಂದನ್ನು ದುರಸ್ತಿಗೆಂದು ಗೌನಿನ ಜೊತೆಗೇ ಇಟ್ಟು, ಇನ್ನೊಂದನ್ನು ಕೌದಿಯ ನಟ್ಟನಡುವೆ ಹೊಲಿಯಲು ಅಜ್ಜಿಗೆ ಕೊಡಿ.